‘ಯಾರು ಹೇಳ್ಯಾರ?’ ಮಕ್ಕಳು ಕೇಳಲಿ!

ಹಲಬರ್ಗಾ: ಐನೂರರ ನೋಟು ಬಂದರೆ ಅಂಗಡಿಯವರು ಬೆಳಕಿಗೆ ಹಿಡಿದು ನೋಡ್ತಾರ. ಫೋನಿಗೆ ಬಂದ ಸುದ್ದಿಯನ್ನು ಮಾತ್ರ ಹಾಗೇ ಮುಂದೆ ದಾಟಿಸ್ತಾರ!

ಇದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತು. 2018ರ ಜುಲೈ 13ರಂದು ಮಕ್ಕಳಿಗೆ ಚಾಕಲೇಟು ಕೊಟ್ಟ ಪರವೂರಿನವರನ್ನು ವಾಟ್ಸ್‌ಆ್ಯಪ್ ‘ಮಕ್ಕಳ ಕಳ್ಳರು’ ಎಂದು ಸಾರಿತು. ಔರಾದ್ ಸೀಮೆಯ ಮುರ್ಕಿಯಲ್ಲಿ ಗುಂಪು ಅಡ್ಡಗಟ್ಟಿ ಹೊಡೆಯಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರ ಜೀವ ಹೋಯಿತು.

ಚುನಾವಣೆ ಬಂದರೆ ಅದೇ ಫೋನು ಬೇರೆ ಸುಳ್ಳು ತರುತ್ತದೆ. ‘ಫಲಾನಾ ಅಭ್ಯರ್ಥಿ ಮೇಲೆ ಹತ್ತು ಕೇಸು ಅದಾವ’ ಅಂತ. ಖರೆ ಏನು? ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಫಲವಾಗಿ ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳು ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರ ಮುಂದಿಡುತ್ತದೆ. ಅದು ಅಭ್ಯರ್ಥಿಯೇ ಬರೆದುಕೊಟ್ಟದ್ದು ಎಂಬುದನ್ನೂ ಮಕ್ಕಳು ಅರಿಯಬೇಕು.

9ರಿಂದ 12ನೇ ತರಗತಿಯವರಿಗೆ ಮತದಾರರ ಸಾಕ್ಷರತಾ ಕ್ಲಬ್ ಯೋಜನೆ 2018ರಲ್ಲೇ ಬಂದಿದೆ. ಅದು ಜಾಥಾ, ರಂಗೋಲಿಗೆ ಮುಗಿಯಬಾರದು. ಕೇರಳದ ಕಣ್ಣೂರಿನ ಸರಕಾರಿ ಶಾಲೆಗಳಲ್ಲಿ ಅದೇ ವರ್ಷ ಸುಳ್ಳುಸುದ್ದಿ ಗುರುತಿಸುವ ಪಾಠ ನಡೆಯಿತು. ನಮ್ಮ ಮಾಸ್ತರರಿಗೆ ಆಗದೇ? ವಾರಕ್ಕೊಂದು ಸುದ್ದಿ, ಮೂರೇ ಪ್ರಶ್ನೆ ಸಾಕು: ಯಾರು ಹೇಳ್ಯಾರ? ಯಾವಾಗಿಂದು? ಕಾಗದ ಎಲ್ಲದ?

18 ತುಂಬಿದರೆ ಓಟಿಗೆ ಹೆಸರು ಬರೆಸಬಹುದು. ಪ್ರಶ್ನೆ ಕೇಳೋದನ್ನು ಯಾರಾದರೂ ಕಲಿಸಬೇಕು.