ಎಳೆ ಮಕ್ಕಳಿಗೆ ಬೇಳೆಕಾಳಿನ ಮೆದು ಆಹಾರ

ಮಂಡ್ಯ ತಾಲ್ಲೂಕಿನ ಹೊಳಲು ಸುತ್ತಿನ ಸೀಮೆಯಲ್ಲಿ ಭತ್ತ, ಕಬ್ಬು, ರಾಗಿ ಮುಖ್ಯ ಬೆಳೆಗಳು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ ಹಾಕುವುದು, ಮುಂಗಾರಿನಲ್ಲಿ ಹೆಸರು ಬಿತ್ತುವುದು ನಮ್ಮ ರೈತರಿಗೆ ಹೊಸದಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಕೂಸಿನ ಪಾಲಿಗೆ ಬರುವುದು ತಿಳಿಗಂಜಿ, ಬೇಳೆಕಟ್ಟು ಮಾತ್ರ. ಕಟ್ಟಿನಲ್ಲಿ ನೀರೇ ಹೆಚ್ಚು. ಸಸಾರಜನಕ ಬಹುಪಾಲು ಬೇಳೆಯಲ್ಲೇ ಉಳಿದು ದೊಡ್ಡವರ ತಟ್ಟೆ ಸೇರುತ್ತದೆ. ಎಳವೆಯಲ್ಲಿ ತಪ್ಪಿದ ಗೊಬ್ಬರವನ್ನು ತೆನೆ ಬಂದ ಮೇಲೆ ಹಾಕಿದರೆ ಪೈರು ಚೇತರಿಸದು. ಮಗುವಿನ ಮಾತೂ ಹಾಗೆಯೇ.

ಯಾವಾಗ ಆರಂಭಿಸಬೇಕು?

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು. ನಂತರ ಎದೆಹಾಲಿನ ಜೊತೆಗೆ ಮೆದು ಆಹಾರ ಕೊಡಬೇಕು. ಮೊದಲು ಹೆಸರುಬೇಳೆಯನ್ನು ಚೆನ್ನಾಗಿ ಬೇಯಿಸಿ, ನುಣ್ಣಗೆ ಕಿವುಚಿ, ಎರಡು ಮೂರು ಚಮಚ ತಿನ್ನಿಸಿ. ಹೊಸ ಕಾಳನ್ನು ಒಂದೊಂದಾಗಿ, ಮೂರು ದಿನ ನೋಡಿಕೊಂಡು ರೂಢಿಸಿ. ಮೈಮೇಲೆ ದದ್ದು, ಮುಖದ ಊತ, ವಾಂತಿ ಕಂಡರೆ ಆ ಕಾಳನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊಳಕೆ ರಾಗಿ–ಹೆಸರಿನ ಸರಿ

100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ, ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ. ಒಂದರಲ್ಲಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ಬರಿಸಿದ ರಾಗಿ ಮತ್ತು ಹೆಸರಿನ ಶಿಶು ಆಹಾರವನ್ನು 1982ರಲ್ಲಿ ಪ್ರಕಟಿಸಿದರು. ಮೊಳಕೆಯಿಂದ ಹಿಟ್ಟಿನ ಅಂಟು ಕಡಿಮೆಯಾಗುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದು.

ಮನೆಯಲ್ಲಿ ಮಾಡುವ ಕ್ರಮ ಹೀಗಿದೆ. ರಾಗಿ 7 ಪಾಲು, ಹೆಸರು 3 ಪಾಲು ತೆಗೆದುಕೊಂಡು ಬೇರೆ ಬೇರೆಯಾಗಿ ರಾತ್ರಿ ನೆನೆಹಾಕಿ. ನೀರು ಬಸಿದು ಶುಭ್ರ ಬಟ್ಟೆಯಲ್ಲಿ ಕಟ್ಟಿ, ಹೆಸರನ್ನು ಒಂದು ದಿನ, ರಾಗಿಯನ್ನು ಎರಡು ದಿನ ಮೊಳಕೆಗೆ ಬಿಡಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಮೊಳಕೆ, ಸಿಪ್ಪೆ ಉಜ್ಜಿ ತೂರಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯಿರಿ. ಬೂಷ್ಟು ಹಿಡಿದ ಅಥವಾ ಕೆಟ್ಟ ವಾಸನೆಯ ಕಾಳನ್ನು ಬಳಸಬೇಡಿ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಚೆನ್ನಾಗಿ ಕುದಿಸಿಯೇ ಕೊಡಿ. ಉಳಿದುದನ್ನು ಮತ್ತೊಂದು ಹೊತ್ತಿಗೆ ಇಡಬೇಡಿ.

ಎಚ್ಚರಿಕೆಗಳು

1. ಇಡೀ ಕಡಲೆ, ನೆಲಗಡಲೆ, ಹುರಿಗಾಳು ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ಉಸಿರುನಾಳಕ್ಕೆ ಸಿಕ್ಕಿದರೆ ಪ್ರಾಣಾಪಾಯ.

2. ಅವರೆ, ಅಲಸಂದೆಯನ್ನು ನೆನೆಸಿ, ಸಿಪ್ಪೆ ಹಿತಕಿ, ಪೂರ್ತಿ ಬೇಯಿಸಿ ಕಿವುಚಿ.

3. ಔಷಧಿ ಬೆರೆಸಿದ ಬಿತ್ತನೆ ಬೀಜವನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸಬಾರದು. ಅದನ್ನು ಚೀಟಿ ಅಂಟಿಸಿ, ಅಡುಗೆಮನೆಯಿಂದ ದೂರ, ಬೀಗದಲ್ಲಿಡಿ.

4. ವರ್ಷ ತುಂಬುವ ಮೊದಲು ಉಪ್ಪು, ಸಕ್ಕರೆ, ಬೆಲ್ಲ, ಜೇನು ಬೇಡ.

ಏಳೆಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಬಾರಿ, ಒಂಬತ್ತರ ನಂತರ ಮೂರು ನಾಲ್ಕು ಬಾರಿ ತಿನ್ನಿಸಿ. ಮಾರಾಟಕ್ಕೆ ಮೂಟೆ ಕಟ್ಟುವ ಮೊದಲು, ಮನೆಯ ಕೂಸಿಗೆಂದು ನಾಲ್ಕು ಸೇರು ಹೆಸರು ಎತ್ತಿಡಿ. ನಿಮ್ಮ ಹೊಲದ ಮೊದಲ ಪಾಲು ಅದಕ್ಕೇ ಸಲ್ಲಬೇಕು.