ಸೊಸೆಯ ಓದಿಗೆ ಯಾರ ವರಮಾನ?

ಗುರುಕುಲವಾಸ ಮುಗಿದ ಬಳಿಕ ಸಮಾವರ್ತನ, ಸಮಾವರ್ತನದ ಬಳಿಕ ವಿವಾಹ. ಇದು ನಮ್ಮ ಪ್ರಾಚೀನರು ಹಾಕಿಕೊಟ್ಟ ಕ್ರಮ. ವಿದ್ಯಾರ್ಥಿದಶೆಯನ್ನೂ ಗೃಹಸ್ಥಾಶ್ರಮವನ್ನೂ ಒಟ್ಟಿಗೆ ನಡೆಸುವ ಪ್ರಸಂಗವು ಆ ಕ್ರಮದಲ್ಲಿ ಇರಲಿಲ್ಲ. ಇಂದಿನ ನಮ್ಮ ಹೆಣ್ಣುಮಕ್ಕಳಿಗೆ ಅದು ಬಂದೊದಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಬಿ.ಎ., ಬಿ.ಕಾಂ. ಓದುತ್ತಿರುವಾಗಲೇ ಮಗಳಿಗೆ ವರ ನಿಶ್ಚಯವಾಗುವುದು ಅಪೂರ್ವವೇನೂ ಅಲ್ಲ. "ಲಗ್ನವಾದ ಮೇಲೂ ಓದಿಸುತ್ತೇವೆ" ಎಂದು ಬೀಗರು ಒಪ್ಪುವುದೂ ಉಂಟು. ಆದರೆ ಅವಳಿಗೆ ಬರುತ್ತಿದ್ದ ವಿದ್ಯಾರ್ಥಿವೇತನದ ಗತಿಯೇನೆಂದು ಕೇಳುವವರು ವಿರಳ.

ಪರಿಶಿಷ್ಟ ಜಾತಿಯವರಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡೋಣ. ತಂದೆತಾಯಿಗಳ ವಾರ್ಷಿಕ ವರಮಾನವು 2,50,000 ರೂಪಾಯಿಗಳನ್ನು ಮೀರಿರಬಾರದೆಂಬುದು ಅದರ ಕಟ್ಟಳೆ. ವಿದ್ಯಾರ್ಥಿನಿಯು ವಿವಾಹಿತೆಯಾಗಿದ್ದು ಸ್ವಂತ ಉದ್ಯೋಗವಿಲ್ಲದವಳಾದರೆ, ತಂದೆಯ ಬದಲು ಗಂಡನ ವರಮಾನವನ್ನು ಎಣಿಸತಕ್ಕದ್ದೆಂದು ಬಹುಕಾಲದ ನಿಯಮಾವಳಿಯು ಹೇಳುತ್ತದೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುವ 'ಪ್ರಗತಿ' ಯೋಜನೆಯ ಮಿತಿಯು 8 ಲಕ್ಷ. ಅಲ್ಲಿ ತವರು ಮತ್ತು ಅತ್ತೆಮನೆಗಳಲ್ಲಿ ಯಾರ ವರಮಾನ ಹೆಚ್ಚೋ ಅದೇ ಲೆಕ್ಕಕ್ಕೆ ಬರುತ್ತದೆ. ಅಮೇರಿಕೆಯಲ್ಲಿಯೂ ಸರಕಾರದ ನೆರವು ಬೇಡುವ ವಿದ್ಯಾರ್ಥಿಯು ವಿವಾಹಿತನಾದರೆ ತಂದೆತಾಯಿಗಳ ವರಮಾನವನ್ನು ಬಿಟ್ಟು ದಂಪತಿಗಳದನ್ನೇ ನೋಡುತ್ತಾರೆ.

ಮೂಡಲಗಿಯ ಒಬ್ಬ ಕೂಲಿಕಾರನ ಮಗಳು ಗೋಕಾಕದ ಕಾಲೇಜಿನಲ್ಲಿ ಓದುತ್ತಿದ್ದು, ಹುಕ್ಕೇರಿಯ ನೌಕರನೊಬ್ಬನ ಕೈ ಹಿಡಿದಳೆಂದು ಭಾವಿಸೋಣ. ತಂದೆಯ ವರಮಾನ 90,000; ಗಂಡನದು 4 ಲಕ್ಷ. ಮಂಗಲಾಕ್ಷತೆ ಬಿದ್ದುದರಿಂದಲೇ ಅವಳು ಮೆಟ್ರಿಕ್ ನಂತರದ ವೇತನಕ್ಕೆ ಅನರ್ಹಳಾದಳು. ಗಂಡನೂ ಬಡವನಾದರೆ ಹಕ್ಕು ಉಳಿಯುತ್ತದೆ; ಆದರೆ ವರಮಾನದ ಪ್ರಮಾಣಪತ್ರವು ಗಂಡನದಾಗಿ ಹುಕ್ಕೇರಿಯಿಂದ ಬರಬೇಕು. ಜಾತಿಯ ಪ್ರಮಾಣಪತ್ರವು ಮಾತ್ರ ತವರಿನ ಆಧಾರದ್ದೇ. ಜಾತಿಯು ಜನ್ಮದಿಂದ ನಿಶ್ಚಿತವಾದುದು, ವಿವಾಹದಿಂದ ಬದಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದೆ.

ಹೆಸರಿನ ತೊಡಕು ಇನ್ನೊಂದು. ಲಗ್ನವಾದೊಡನೆ ಆಧಾರ ಚೀಟಿಯಲ್ಲಿ ಗಂಡನ ಹೆಸರನ್ನು ಸೇರಿಸುವ ಆತುರ ನಮ್ಮವರದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರದಲ್ಲಿ ಮತ್ತೊಂದು ಆದರೆ ಅರ್ಜಿಯು ನಡುವೆಯೇ ನಿಲ್ಲಬಹುದು. ಹೆಂಡತಿಯು ಹೆಸರನ್ನು ಬದಲಿಸಲೇಬೇಕೆಂದು ಯಾವ ಕಾಯಿದೆಯೂ ವಿಧಿಸಿಲ್ಲ. ಪದವಿಯು ಕೈಸೇರುವವರೆಗೆ ತಾಳಿದರೆ ನಷ್ಟವೇನು?

ಹಾಗೆಂದು ಮದುವೆಯನ್ನು ಮರೆಮಾಚಿ ಹಣ ಪಡೆಯುವುದು ಸರ್ವಥಾ ತರವಲ್ಲ. ಅದು ಅಧರ್ಮ, ಬಯಲಾದರೆ ಹಣವನ್ನು ಹಿಂದಿರುಗಿಸಬೇಕಾದೀತು.

ಯಾವ ವೇತನಕ್ಕೆ ಯಾವ ನಿಯಮವೆಂಬುದನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ, ನಿಶ್ಚಯಕ್ಕೆ ಮುನ್ನವೇ ತಿಳಿದುಕೊಳ್ಳತಕ್ಕದ್ದು. ನಮ್ಮ ಕಡೆ ಲಗ್ನಕ್ಕೆ ಮೊದಲು ಬಂಗಾರ, ಸೀರೆ, ಭಾಂಡೆಗಳ ಯಾದಿ ಬರೆಯುವ ರೂಢಿಯುಂಟು. ಆ ಯಾದಿಯಲ್ಲಿ ಇನ್ನೊಂದು ಸಾಲು ಇರಲಿ: ವೇತನ ನಿಂತರೆ ಸೊಸೆಯ ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸಿನ ಖರ್ಚು ಯಾರದು? ಗಂಡನ ವರಮಾನವನ್ನು ನೋಡಿ ಸರಕಾರವು ಕೈಬಿಟ್ಟರೆ, ಆ ವರಮಾನವು ಅವಳ ಕೈಹಿಡಿಯಲೇಬೇಕಷ್ಟೆ. "ಓದಿಸುತ್ತೇವೆ" ಎಂಬ ಮಾತಿಗೆ ಬೆಲೆ ಬರುವುದು ಆಗಲೇ.