ಹಳೆಯ ಗಣಕದಲ್ಲಿ ಉಳಿದ ಕನ್ನಡ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ ಮುಗಿದಂದಿನಿಂದ, ನಮ್ಮ ಊರಿನ ಗಣಕ ಬಳಕೆದಾರರ ಕೂಟದಲ್ಲಿ ನಾಲ್ವರು ಸೇರಿದರೆ ಸಾಕು, ಮಾತು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಕೈಕೊಡದೆ ದುಡಿಯುತ್ತಿರುವ ಈ ಯಂತ್ರವನ್ನು ಇನ್ನೇನು ಮಾಡುವುದು? ವೈಯಕ್ತಿಕ ಬಳಕೆದಾರರಿಗೆ ಮತ್ತೊಂದು ವರ್ಷದ ಮಟ್ಟಿಗೆ, ಎಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಪರಿಷ್ಕರಣಗಳನ್ನು ಪಡೆಯುವ ಅವಕಾಶವನ್ನು ಕಲ್ಪಿಸಲಾಗಿದೆಯಾದರೂ, ಅದು ಗಡುವನ್ನು ಮುಂದೂಡಿದಂತಾಯಿತೇ ಹೊರತು ಪರಿಹಾರವಾಗಲಿಲ್ಲ. ವಿಂಡೋಸ್ 11 ಅಪೇಕ್ಷಿಸುವ ಟಿಪಿಎಂ 2.0 ಎಂಬ ಭದ್ರತಾ ಘಟಕವಾಗಲಿ ಇತ್ತೀಚಿನ ಪೀಳಿಗೆಯ ಪ್ರೊಸೆಸರ್ ಆಗಲಿ ಇಲ್ಲದ ಯಂತ್ರಗಳು ಮನೆಮನೆಗಳಲ್ಲಿ, ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಹೇರಳವಾಗಿವೆ. ಅವುಗಳಲ್ಲಿ ಅನೇಕವು ಈಗಾಗಲೇ ಗುಜರಿಯ ಹಾದಿಯನ್ನು ಹಿಡಿದಿವೆ.

ಯಂತ್ರದ ಚಿಂತೆ ಅಷ್ಟು ದೊಡ್ಡದಲ್ಲ. ಅದಕ್ಕೆ ಉಪಾಯವಿದೆ, ಮುಂದೆ ಹೇಳುತ್ತೇನೆ. ನನ್ನನ್ನು ಕಾಡುತ್ತಿರುವುದು ಆ ಯಂತ್ರದ ಒಡಲಲ್ಲಿ ಉಳಿದಿರುವ ಕನ್ನಡ. ಕಳೆದ ಶತಮಾನದ ಕೊನೆಯ ದಶಕದಿಂದ ಮೊದಲ್ಗೊಂಡು ತೀರ ಈಚಿನವರೆಗೂ ನಮ್ಮ ಜನ ಗಣಕದಲ್ಲಿ ಬರೆದಿಟ್ಟ ಗ್ರಾಮಚರಿತ್ರೆಗಳು, ಸ್ಮರಣಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು, ತಾಯಂದಿರಿಂದ ಕೇಳಿ ಬರೆದುಕೊಂಡ ಸಂಪ್ರದಾಯದ ಹಾಡುಗಳು, ಸಂಘಗಳ ನಡವಳಿ ಪುಸ್ತಕಗಳು, ಇವೆಲ್ಲವೂ ಬಹುಮಟ್ಟಿಗೆ ಒಂದು ನಿರ್ದಿಷ್ಟ ಫಾಂಟಿನ ಆಶ್ರಯದಲ್ಲಿ ಮಾತ್ರ ಕನ್ನಡವಾಗಿ ಕಾಣತಕ್ಕವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿ.

ಇದಕ್ಕೆ ಕಾರಣವನ್ನು ತಿಳಿಯದೆ ಪರಿಹಾರಕ್ಕೆ ಕೈಹಾಕುವುದು ಯುಕ್ತವಲ್ಲ. ಅಂದಿನ ಗಣಕಗಳಲ್ಲಿ ಒಂದು ಫಾಂಟಿಗೆ ದೊರೆಯುತ್ತಿದ್ದುದು 256 ಸ್ಥಾನಗಳು ಮಾತ್ರ, ಅವೂ ರೋಮನ್ ಲಿಪಿಗೆಂದು ಗೊತ್ತುಪಡಿಸಿದವು. ವಿಂಡೋಸಿಗೆ ಕನ್ನಡವೆಂಬ ಲಿಪಿಯೊಂದಿದೆಯೆಂಬ ಅರಿವು ಮೂಡಿದುದೇ 2001ರಲ್ಲಿ, ತುಂಗಾ ಎಂಬ ಫಾಂಟನ್ನು ಹೊತ್ತು ಬಂದ ಎಕ್ಸ್‌ಪಿ ಆವೃತ್ತಿಯೊಡನೆ. ಅಲ್ಲಿಯವರೆಗೆ ಕಾಯಲಾರದ ನಮ್ಮ ತಂತ್ರಜ್ಞರು ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಂಬ ಅವಯವಗಳಾಗಿ ಬಿಡಿಸಿ, ಒಂದೊಂದು ಅವಯವವನ್ನು ಒಂದೊಂದು ರೋಮನ್ ಸ್ಥಾನದಲ್ಲಿ ಕೂರಿಸಿ ಕಾರ್ಯಸಾಧನೆ ಮಾಡಿದರು. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನೇ ನೋಡಿ. ಫಾಂಟನ್ನು ಕಳಚಿದೊಡನೆ ಅಲ್ಲಿ ಕಾಣುವುದು ಮೊದಲು ಒಂದು ದೊಡ್ಡ ‘ಪಿ’, ಇದು ಕಕಾರದ ಒಡಲು. ಬಳಿಕ ತಲೆಯ ಮೇಲೆ ಓರೆಗೀಟುಳ್ಳ ದೊಡ್ಡ ‘ಎ’, ಇದು ತಲೆಕಟ್ಟು. ಬಳಿಕ ಬ್ರಿಟಿಷರ ಪೌಂಡ್ ನಾಣ್ಯದ ಗುರುತು, ಇದು ನಕಾರ. ಮತ್ತೊಂದು ಗೀಟಿನ ‘ಎ’. ಅದರ ಹಿಂದೆಯೇ ಜರ್ಮನರ ಜೋಡಿ ‘ಎಸ್’, ಇದು ನಕಾರದ ಒತ್ತು. ಕೊನೆಗೆ ಡಕಾರಕ್ಕೆಂದು ಸಣ್ಣ ‘ಕ್ಯೂ’ ಹಾಗೂ ಪುನಃ ಅದೇ ಗೀಟಿನ ‘ಎ’. ಒಟ್ಟು ಏಳು ಚಿಹ್ನೆಗಳು. ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ಅಲ್ಲ. ಯೂನಿಕೋಡಿನಲ್ಲಾದರೋ ಅದೇ ಪದಕ್ಕೆ ಐದೇ ಸಂಕೇತಗಳು: ಕ, ನ, ವಿರಾಮ, ನ, ಡ, ಪ್ರತಿಯೊಂದೂ ಜಗತ್ತಿನ ಯಾವ ಯಂತ್ರದಲ್ಲಿಯೂ ಕನ್ನಡವೇ.

ಆ ಹಳೆಯ ವಿಧಾನವನ್ನು ಹಳಿಯುವುದು ಕೃತಘ್ನತೆಯಾದೀತು. 1998ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು, ಧ್ವನಿಯನ್ನನುಸರಿಸಿ ಇಪ್ಪತ್ತಾರೇ ಕೀಲಿಗಳಲ್ಲಿ ಕನ್ನಡದ ಸಮಸ್ತ ವರ್ಣಮಾಲೆಯನ್ನು ಅಡಗಿಸಿದ ಕೆ. ಪಿ. ರಾವ್, ‘ನುಡಿ’ಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು, ಸಾಹಿತಿಯಾಗಿದ್ದೂ ಕನ್ನಡ ತಂತ್ರಾಂಶಕ್ಕಾಗಿ ಕಾಳಜಿ ವಹಿಸಿದ ಪೂರ್ಣಚಂದ್ರ ತೇಜಸ್ವಿ, ಇವರ ಪರಿಶ್ರಮವಿಲ್ಲದಿದ್ದರೆ ಆ ವರ್ಷಗಳಲ್ಲಿ ಗಣಕದ ಮೇಲೆ ಕನ್ನಡವು ಹೀಗೆ ಬೆಳೆಯುತ್ತಿರಲಿಲ್ಲ. ರಾಯರ ಕೀಲಿವಿನ್ಯಾಸವಂತೂ ಯೂನಿಕೋಡಿನ ಕಾಲದಲ್ಲಿಯೂ ಕಿಂಚಿತ್ತೂ ಮಸುಳದೆ ನಿಂತಿದೆ. ‘ಎಫ್’ ಕೀಲಿಯನ್ನೊತ್ತಿ ಒತ್ತಕ್ಷರ ಮೂಡಿಸುವ ಅಭ್ಯಾಸವುಳ್ಳ ಬೆರಳುಗಳು ಏನನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ. ಬದಲಾಗಬೇಕಾದುದು ಕಡತಗಳೊಳಗಿನ ಸಂಕೇತ ಮಾತ್ರ.

ಪರಿವರ್ತನೆಯ ಕ್ರಮವನ್ನು ಈಗ ಹೇಳುತ್ತೇನೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ, ಕಡತವನ್ನು ಅದರ ಸ್ವಂತ ಫಾಂಟಿನಲ್ಲಿ ತೆರೆದು, ಫಾಂಟನ್ನು ಒಳಗೂಡಿಸಿದ ಪಿಡಿಎಫ್ ಪ್ರತಿಯೊಂದನ್ನು ಮೊದಲು ತೆಗೆದಿರಿಸಿಕೊಳ್ಳಬೇಕು. ಇದನ್ನು ಬಿಟ್ಟವರು ಬಳಿಕ ತಾಳೆ ನೋಡಲು ಮೂಲವಿಲ್ಲದೆ ಪರಿತಪಿಸುತ್ತಾರೆ. ಅನಂತರ ಫಾಂಟಿನ ಹೆಸರನ್ನು ಗುರುತಿಸಿಕೊಳ್ಳಬೇಕು. ನುಡಿ ಮತ್ತು ಬರಹಗಳ ಸಂಕೇತಗಳು ಬಹುತೇಕ ಒಂದೇ ಆದರೂ ಶ್ರೀಲಿಪಿ, ಆಕೃತಿ ಮೊದಲಾದವುಗಳ ಏರ್ಪಾಡೇ ಬೇರೆ, ಒಂದರ ಪರಿವರ್ತಕಕ್ಕೆ ಇನ್ನೊಂದರ ಕಡತವನ್ನು ಒಪ್ಪಿಸಿದರೆ ಲಭಿಸುವುದು ಕಸ. ಫಾಂಟಿನ ಕಡತವನ್ನೂ ನಕಲು ಮಾಡಿಟ್ಟುಕೊಳ್ಳುವುದು ಕ್ಷೇಮ. ಪರಿವರ್ತಕಗಳು ನುಡಿ ಹಾಗೂ ಬರಹ ತಂತ್ರಾಂಶಗಳಲ್ಲಿಯೇ ಇವೆ, ಅಂತರಜಾಲದಲ್ಲಿ ಉಚಿತವಾಗಿಯೂ ದೊರೆಯುತ್ತವೆ. ಕನ್ನಡದ ನಡುನಡುವೆ ಇಂಗ್ಲಿಷ್ ಪದಗಳಿರುವ ಬರಹವನ್ನು ಒಟ್ಟಾಗಿ ಪರಿವರ್ತಕಕ್ಕೆ ಸುರಿದರೆ ಅದು ಇಂಗ್ಲಿಷನ್ನೂ ಕನ್ನಡದ ಅವಯವಗಳೆಂದು ತಿಳಿದು ವಿರೂಪಗೊಳಿಸುವುದರಿಂದ, ಅಂತಹ ಭಾಗಗಳನ್ನು ಮುಂಚೆಯೇ ಬೇರ್ಪಡಿಸತಕ್ಕದ್ದು.

ಪರಿವರ್ತನೆ ಕ್ಷಣಾರ್ಧದಲ್ಲಿ ಆಗುತ್ತದೆ. ನಿಜವಾದ ಕೆಲಸ ಅಲ್ಲಿಂದ ಆರಂಭ. ಈಚೆಗೆ ನಮ್ಮ ಕೂಟದ ಮೇಜಿನ ಮೇಲೆ ನಿವೃತ್ತ ಉಪಾಧ್ಯಾಯರೊಬ್ಬರ ಗ್ರಾಮಚರಿತ್ರೆಯನ್ನು ತೆರೆದಿಟ್ಟುಕೊಂಡು, ಒಬ್ಬರು ಪಿಡಿಎಫ್ ನೋಡಿ ಓದುತ್ತಲೂ ಮತ್ತೊಬ್ಬರು ಪರಿವರ್ತಿತ ಪಾಠವನ್ನು ತಿದ್ದುತ್ತಲೂ ಸಂಜೆಯಿಡೀ ಕುಳಿತಿದ್ದೆವು. ‘ಕಾರ್ಯಕ್ರಮ’ವೆಂದಿರಬೇಕಾದಲ್ಲೆಲ್ಲ ‘ಕಾಯರ್ಕ್ರಮ’ವೆಂದಿತ್ತು, ‘ವರ್ಷ’ವು ‘ವಷರ್’ ಆಗಿತ್ತು, ‘ಧರ್ಮ’ವು ‘ಧಮರ್’ ಆಗಿತ್ತು. ಅರ್ಕಾವೊತ್ತಿನ ಪ್ರಮಾದವಿದು: ಉಚ್ಚಾರಣೆಯಲ್ಲಿ ರೇಫ ಮುಂದಿದ್ದರೂ ಹಳೆಯ ಫಾಂಟುಗಳಲ್ಲಿ ಅದರ ಗುರುತು ಅಕ್ಷರದ ಹಿಂದೆ ಬೀಳುತ್ತಿದ್ದುದರಿಂದ, ಅದನ್ನು ಎತ್ತಿ ಸ್ವಸ್ಥಾನದಲ್ಲಿರಿಸಲು ಅರಿಯದ ಪರಿವರ್ತಕವು ಇದ್ದುದನ್ನು ಇದ್ದಲ್ಲಿಯೇ ಬರೆದುಬಿಡುತ್ತದೆ. ‘ಮೇಷ್ಟ್ರೇ, ಇಲ್ಲಿ ಕೆರೆಯ ಹೆಸರು ನೋಡಿ, ಇದೂ ಅರ್ಕಾವೊತ್ತಿನ ತಪ್ಪೋ, ಇಲ್ಲ ಹೆಸರೇ ಹೀಗೋ?’ ಎಂದು ನಮ್ಮ ತರುಣ ಸದಸ್ಯೆಯೊಬ್ಬಳು ಕೇಳಿದಳು. ‘ಹೆಸರೇ ಹಾಗಮ್ಮ, ಶಾಸನದಲ್ಲೂ ಹಾಗೇ ಇದೆ, ತಿದ್ದಬೇಡ’ ಎಂದರು ಅವರು. ಯಂತ್ರದಿಂದಾದ ದೋಷ ಯಾವುದು, ಬರೆದವರ ಇಂಗಿತ ಯಾವುದು ಎಂಬ ವಿವೇಚನೆಯನ್ನು ಬಲ್ಲವರೇ ಮಾಡಬೇಕು. ಬಲ್ಲವರು ನಮ್ಮೊಡನಿರುವಾಗಲೇ ಮಾಡಿಸಿಕೊಳ್ಳಬೇಕು.

ಕಣ್ಣಿಗೆ ಬೀಳದ ದೋಷಗಳೂ ಉಂಟು. ಕೆಲವು ಪರಿವರ್ತಕಗಳು ‘ಕೇ’ ಎಂಬಲ್ಲಿ ಎತ್ವವನ್ನೂ ದೀರ್ಘವನ್ನೂ ಬೇರೆಬೇರೆ ಸಂಕೇತಗಳಾಗಿ ಉಳಿಸುತ್ತವೆ. ನೋಟಕ್ಕೆ ಭೇದವಿಲ್ಲ, ಹುಡುಕಹೊರಟರೆ ಪದ ಸಿಗದು. ಅನುಸ್ವಾರದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆಯನ್ನು ಒತ್ತಿದವರೂ ಬಹಳ ಮಂದಿ, ಅದರ ಪರಿಣಾಮವೂ ಇದೇ. ಇಸವಿ ಮೊದಲಾದ ಸಂಖ್ಯೆಗಳೊಳಗಿನ ನಿಜವಾದ ಸೊನ್ನೆಗಳನ್ನು ಮುಟ್ಟದಂತೆ ನೋಡಿಕೊಂಡರೆ, ಎರಡನ್ನೂ ‘ಹುಡುಕಿ ಬದಲಿಸು’ ಆಜ್ಞೆಯಿಂದ ಸರಿಪಡಿಸಬಹುದು. ಅರ್ಕಾವೊತ್ತನ್ನು ಮಾತ್ರ ಹಾಗೆ ಸಾರಾಸಗಟಾಗಿ ಬದಲಿಸಬಾರದು, ಏಕೆಂದರೆ ‘ಅವರ್’, ‘ಇವರ್’ ಎಂದು ಹಳಗನ್ನಡದ ರೂಪಗಳು ನ್ಯಾಯವಾಗಿಯೇ ಬರುವ ಬರಹಗಳೂ ನಮ್ಮಲ್ಲಿವೆ.

ಮುದ್ರಣಾಲಯಗಳಿಂದ ಬರುವ ಸದಸ್ಯರ ತೊಡಕು ಇನ್ನೂ ಬಿಗಿ. ಅವರ ಪುಸ್ತಕಗಳೆಲ್ಲ ಪೇಜ್‌ಮೇಕರಿನಲ್ಲಿವೆ. ಆ ತಂತ್ರಾಂಶದ ಕಡೆಯ ಆವೃತ್ತಿಯಾದ 7.0 ಬಂದುದು 2001ರಲ್ಲಿ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕೂಡ ಸಿಎಸ್6 ಆವೃತ್ತಿಯ ತರುವಾಯ ಪೇಜ್‌ಮೇಕರ್ ಕಡತಗಳನ್ನು ತೆರೆಯುವುದನ್ನು ಕೈಬಿಟ್ಟಿತು. ಆದುದರಿಂದ ಪೇಜ್‌ಮೇಕರ್ ಇನ್ನೂ ಜೀವಂತವಾಗಿರುವ ಯಂತ್ರವೊಂದು ನಿಮ್ಮ ಮುದ್ರಣಾಲಯದ ಮೂಲೆಯಲ್ಲಿದ್ದರೆ, ದಯವಿಟ್ಟು ಅದನ್ನು ಯಾರಿಗೂ ಕೊಟ್ಟುಬಿಡಬೇಡಿ. ಅದರಿಂದಲೇ ಪಾಠವನ್ನು ಹೊರತೆಗೆಯುವುದು ಸರ್ವೋತ್ತಮ. ಅದಿಲ್ಲದವರಿಗೆ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಆಸರೆಯಾದೀತು. 2015ರ 4.4 ಆವೃತ್ತಿಯಿಂದ ಮೊದಲ್ಗೊಂಡು ಅದು ಪೇಜ್‌ಮೇಕರ್ ಕಡತಗಳನ್ನು ಓದಬಲ್ಲುದು. ಪುಟದ ಅಂದ ಕೆಟ್ಟರೂ ಪಾಠ ಕೈಸೇರಿದರೆ ಅಷ್ಟರಮಟ್ಟಿಗೆ ಗೆದ್ದಂತೆ.

ಹೀಗೆ ಉಳಿಸಿಕೊಂಡುದನ್ನು ಸರಳ ಪಠ್ಯವಾಗಿ ಯುಟಿಎಫ್-8 ರೂಪದಲ್ಲಿ ಒಂದು, ವಿನ್ಯಾಸಸಹಿತವಾಗಿ ಒಂದು, ಎಂದು ಎರಡು ಬಗೆಯಾಗಿ ಇರಿಸಿ, ಮೂರು ಪ್ರತಿಗಳನ್ನು ಎರಡು ಭಿನ್ನ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದನ್ನು ಮನೆಯಿಂದ ಹೊರಗೆ, ರಕ್ಷಿಸತಕ್ಕದ್ದು. ಪೆನ್‌ಡ್ರೈವನ್ನು ನೆಚ್ಚಿ ಬೀರುವಿನಲ್ಲಿಟ್ಟು ಮರೆಯುವುದು ರಕ್ಷಣೆಯಲ್ಲ.

ಇನ್ನು ಯಂತ್ರದ ವಿಚಾರ. ಕಡತಗಳು ಸುರಕ್ಷಿತವಾದ ಮೇಲೆ ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟಿನಂತಹ ಉಚಿತ ವ್ಯವಸ್ಥೆಯನ್ನು ಅಳವಡಿಸಿದರೆ ಅದು ಇನ್ನೂ ಹಲವು ವರ್ಷ ದುಡಿದೀತು. ಅಳವಡಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ, ವೈಫೈ, ಮುದ್ರಕ, ಧ್ವನಿ ಎಲ್ಲವೂ ಕೂಡಿಬರುತ್ತವೆಯೇ ಎಂದು ಪರೀಕ್ಷಿಸಬಹುದು; ಒಳಗಿನ ಡಿಸ್ಕನ್ನು ಅದು ತಾನಾಗಿ ಮುಟ್ಟುವುದಿಲ್ಲ. ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಸಾಕು, ಅದಕ್ಕಿಂತ ಕಡಮೆಯಿದ್ದವರು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಆರಿಸಿಕೊಳ್ಳಲಿ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದಡಿ ‘ಕಗಪ’ ಎಂಬುದನ್ನು ಆಯ್ದರೆ ನುಡಿಯ ಅಭ್ಯಾಸವೇ ಇಲ್ಲಿಯೂ ಮುಂದುವರಿಯುತ್ತದೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಫಾಂಟುಗಳೂ ಅಲ್ಲಿ ಕೈಗೆಟಕುವಂತಿವೆ. ಲೆಕ್ಕಪತ್ರಗಳಿಗೆ ವಿಂಡೋಸ್ ತಂತ್ರಾಂಶವನ್ನೇ ಅವಲಂಬಿಸಿರುವವರಿಗೆ ಈ ಮಾರ್ಗವನ್ನು ನಾನು ಒತ್ತಾಯಿಸುವುದಿಲ್ಲ. ಓದು, ಬರಹ, ಅಂಚೆ, ವೀಡಿಯೋ ಎಂಬಿಷ್ಟೇ ಉಳ್ಳವರಿಗೆ ನಿಸ್ಸಂಕೋಚವಾಗಿ ಹೇಳುತ್ತೇನೆ. ಯಂತ್ರವನ್ನು ಬೇರೆಯವರಿಗೆ ಕೊಡುವುದೇ ನಿಶ್ಚಯವಾದರೆ, ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಡಿಸ್ಕಿನಿಂದ ಮಾಯವಾಗುವುದಿಲ್ಲವೆಂಬುದನ್ನು ನೆನೆದು, ಪೂರ್ತಿಯಾಗಿ ಒರಸಿಹಾಕುವ ಸಾಧನವನ್ನು ಬಳಸಬೇಕು.

ಇವೆಲ್ಲಕ್ಕೂ ಅಂಗಡಿಯವರಿರುವಾಗ ಕೂಟವೇಕೆ ಎಂದು ಕೇಳುವವರುಂಟು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರುಕೊಟ್ಟಿಗೆಯಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬು ಮೊದಲ ಬಾರಿ ಸೇರಿದಾಗ, ಆಲ್ಟೇರ್ ಎಂಬ ಯಂತ್ರವನ್ನು ನೋಡಲು ಬಂದವರಲ್ಲಿ ಸ್ಟೀವ್ ವಾಜ್ನಿಯಾಕರೂ ಇದ್ದರು. ಅವರು ಮುಂದೆ ರಚಿಸಿದ ಮೊದಲ ಆಪಲ್ ಗಣಕವನ್ನು ತೋರಿಸಿದ್ದೂ ಅದೇ ಕೂಟದಲ್ಲಿ. ಒಬ್ಬನಿಗೆ ತಿಳಿದುದನ್ನು ಇನ್ನೊಬ್ಬನಿಗೆ ಬಿಚ್ಚಿಹೇಳುವ ಪದ್ಧತಿ ಅಲ್ಲಿ ಬೇರೂರಿತು. ನಮ್ಮಲ್ಲಿಯೂ 1990ರ ದಶಕದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯೊಡನೆ ಬರುತ್ತಿದ್ದ ಸಿಡಿಗಳಿಂದ ಲಿನಕ್ಸ್ ಊರೂರಿಗೆ ತಲಪಿತು. ಸಿಡಿ ಸಿಕ್ಕವರು ಸಿಗದವರಿಗೆ ಹಂಚಿದರು, ಬೆಂಗಳೂರಿನಲ್ಲಿ ಬಳಕೆದಾರರ ಗುಂಪೇ ಬೆಳೆಯಿತು. ಅಂಗಡಿಯವನು ಯಂತ್ರವನ್ನು ಸರಿಮಾಡಿಕೊಟ್ಟಾನು. ಅದರಲ್ಲಿರುವ ಪ್ರಸಂಗದ ಪದ್ಯದಲ್ಲಿ ಒತ್ತಕ್ಷರ ತಪ್ಪಿದ್ದರೆ ಗುರುತಿಸಲು ಅವನಿಗೆ ವ್ಯವಧಾನವೆಲ್ಲಿಯದು?

ಸದಸ್ಯರಿಗೊಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ‘ನಿಮ್ಮ ವಿಂಡೋಸಿನ ಅವಧಿ ಮುಗಿದಿದೆ, ನಾವೇ ಸರಿಪಡಿಸುತ್ತೇವೆ’ ಎಂದು ಕರೆಮಾಡಿ, ಪರದೆಯನ್ನು ದೂರದಿಂದ ನೋಡುವ ತಂತ್ರಾಂಶವನ್ನು ಹಾಕಿಕೊಳ್ಳುವಂತೆ ಹೇಳುವವರು ವಂಚಕರು. ಯಾವ ಸಂಸ್ಥೆಯೂ ಹೀಗೆ ತಾನಾಗಿ ಕರೆಮಾಡುವುದಿಲ್ಲ. ಹಣ ಹೋದುದು ತಿಳಿದೊಡನೆಯೇ 1930 ಸಂಖ್ಯೆಗೆ ದೂರು ಕೊಡಬೇಕು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವುದು ದುಸ್ತರ.

ಮುಂದಿನ ಕೂಟಗಳಲ್ಲಿ ಪರಿವರ್ತನೆಯ ಕಾರ್ಯವನ್ನೇ ಮುಂದುವರಿಸಬೇಕೆಂಬುದು ನನ್ನ ಬಿನ್ನಹ. ಬರುವವರು ಹಳೆಯ ಯಂತ್ರವನ್ನೇ ತರಲಾಗದಿದ್ದರೆ ಅದರ ಹಾರ್ಡ್ ಡಿಸ್ಕನ್ನಾದರೂ ತರಲಿ, ಜತೆಗೆ ಫಾಂಟಿನ ಕಡತ, ಖಾಲಿಯಿರುವ ಮತ್ತೊಂದು ಡಿಸ್ಕು, ಆ ಬರಹ ಅಚ್ಚಾಗಿದ್ದರೆ ಅದರ ಒಂದು ಪ್ರತಿ ಇರಲಿ. ಬರೆದವರು ಬದುಕಿದ್ದು ನಡೆದಾಡುವಷ್ಟು ಶಕ್ತರಾಗಿದ್ದರೆ ಅವರನ್ನು ತಪ್ಪದೆ ಕರೆತನ್ನಿ. ಊರಿನ ಹೆಸರುಗಳ, ಮನೆತನಗಳ, ಹಾಡಿನ ಪಾಠಾಂತರಗಳ ವಿಷಯದಲ್ಲಿ ಏಳುವ ಸಂದೇಹಗಳನ್ನು ಅವರ ಎದುರಿನಲ್ಲಿಯೇ ಬಗೆಹರಿಸಿಕೊಳ್ಳೋಣ. ಹಿರಿಯರು ಬಹಳ ಹೊತ್ತು ಕೂರಲಾರರಾದುದರಿಂದ, ಅವರ ಕಡತಗಳನ್ನು ಮೊದಲು ಕೈಗೆತ್ತಿಕೊಳ್ಳುತ್ತೇವೆ.